ಸೀಸನ್ ತರಕಾರಿ: ನಮ್ಮ ಮನೆಯ ಆರು ತಿಂಗಳ ಲೆಕ್ಕ

ಕಳೆದ ಜೂನ್ ತಿಂಗಳಲ್ಲಿ ನಮ್ಮ ಅಮ್ಮಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ನೀರಿನ ಬಿಂದಿಗೆ ಎತ್ತಿದರೆ ತಲೆ ಸುತ್ತುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಎಂದು ಬಂತು. ಹೆಂಗಸರಿಗೆ ಅದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಡಾಕ್ಟರ್ ಮೇಡಂ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಮನೆಯಲ್ಲಿ ಏನು ಊಟ ಮಾಡ್ತೀರಮ್ಮಾ?" ಎಂದು ಕೇಳಿದರು. "ಎಲ್ಲರೂ ತಿನ್ನೋದನ್ನೇ ತಿಂತೀನಿ ಮೇಡಂ" ಎಂದರು ಅಮ್ಮಿ. ನಾನು ಪಕ್ಕದಲ್ಲೇ ನಿಂತಿದ್ದೆ. ಅದು ನಿಜವೆಂದೇ ನಂಬಿದ್ದೆ.

ಎರಡು ವಾರ ವಿಶ್ರಾಂತಿ ಬೇಕೆಂದು ಹೇಳಿದ್ದರು. ನಮ್ಮ ಮನೆಯಲ್ಲಿ ಆರು ಜನ: ದಾದಿ, ಅಬ್ಬಾ, ಅಮ್ಮಿ, ನಾನು, ತಂಗಿ, ತಮ್ಮ. ಅಬ್ಬಾ ಬೆಳಗಿನ ಜಾವಕ್ಕೇ ಗೂಡ್ಸ್ ಆಟೋ ತೆಗೆದುಕೊಂಡು ಕೋಲಾರದ ಎಪಿಎಂಸಿಗೆ ಹೋಗುತ್ತಾರೆ. ದಾದಿಗೆ ಮೊಣಕಾಲು ನೋವು, ಒಲೆ ಮುಂದೆ ನಿಲ್ಲಲಾಗುವುದಿಲ್ಲ. ಹಾಗಾಗಿ ಅಡುಗೆ ನನ್ನ ಮತ್ತು ಎಂಟನೇ ತರಗತಿ ಓದುವ ತಂಗಿಯ ಪಾಲಿಗೆ ಬಂತು. ಅಲ್ಲಿಯವರೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯುವುದಕ್ಕೆ ಮಾತ್ರ.

ಮೂರನೇ ದಿನ ಬೀನ್ಸ್ ಸಾಲನ್ ಮಾಡಿದ್ದೆವು. ದಸ್ತರ್‌ಖಾನ್ ಹಾಸಿ ಅಬ್ಬಾ, ದಾದಿ, ತಮ್ಮ, ತಂಗಿ ಎಲ್ಲರಿಗೂ ನಾನೇ ಬಡಿಸಿದೆ. ನಾನೂ ತಿಂದೆ, ಅಭ್ಯಾಸದಂತೆ ಎರಡನೇ ಸಲವೂ ಬಡಿಸಿಕೊಂಡೆ. ಕೊನೆಗೆ ಅಮ್ಮಿಯ ತಟ್ಟೆ ಇಟ್ಟು ಸೌಟು ಹಾಕಿದರೆ ಪಾತ್ರೆಯ ತಳದಲ್ಲಿ ಬರೀ ಮಸಾಲೆ ನೀರು. ಒಂದು ಬೀನ್ಸ್ ತುಂಡೂ ಇರಲಿಲ್ಲ. ಅಮ್ಮಿ ನಕ್ಕು, "ಪರವಾಗಿಲ್ಲ ಬೇಟಾ, ಉಪ್ಪಿನಕಾಯಿ ಇದೆಯಲ್ಲ, ನನಗೆ ಅಭ್ಯಾಸ ಆಗಿದೆ" ಎಂದರು. ನಮ್ಮ ಮನೆಯ ಊಟದ ಬಗ್ಗೆ ನನಗೆ ಹದಿನೇಳು ವರ್ಷ ಗೊತ್ತಿಲ್ಲದಿದ್ದ ವಿಷಯ ಅವತ್ತು ಗೊತ್ತಾಯಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಜನರಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಆದರೆ ಒಂದು ಕಾರಣವನ್ನು ನಾನು ನಮ್ಮ ಪಾತ್ರೆಯ ತಳದಲ್ಲೇ ನೋಡಿದೆ. ಆರು ಜನರಿಗೆ ಅರ್ಧ ಕಿಲೋ ಬೀನ್ಸ್ ತಂದರೆ ಕೊನೆಯವರಿಗೆ ಏನೂ ಉಳಿಯುವುದಿಲ್ಲ. ಹಾಗಾದರೆ ಹೆಚ್ಚು ತರಬೇಕು. ಅದಕ್ಕೆ ಹಣ? ನಾನು ಕಾಮರ್ಸ್ ವಿದ್ಯಾರ್ಥಿ. ಒಂದು ನೋಟ್‌ಬುಕ್ ತೆಗೆದು ಲೆಕ್ಕ ಬರೆಯಲು ಶುರು ಮಾಡಿದೆ. ಆರು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೇ ವಾರದ ಲೆಕ್ಕ

ಮೊದಲ ವಾರ ನಾನು ಏನನ್ನೂ ಬದಲಾಯಿಸದೆ ಬರೀ ಬರೆದುಕೊಂಡೆ. ನಾವು ದಿನವೂ ಸಂಜೆ ಬೀದಿ ಕೊನೆಯ ಅಂಗಡಿಯಲ್ಲಿ ಕಾಲು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಬೀನ್ಸ್, ಕ್ಯಾರೆಟ್, ಹೂಕೋಸು, ದಪ್ಪ ಮೆಣಸಿನಕಾಯಿ ತರುತ್ತಿದ್ದೆವು. ಆಲೂಗಡ್ಡೆ, ಈರುಳ್ಳಿ ಬಿಟ್ಟು ಒಂದು ವಾರಕ್ಕೆ 480 ರೂಪಾಯಿ ಖರ್ಚಾಯಿತು. ಬಂದ ತರಕಾರಿ 7 ಕಿಲೋ. ಇದನ್ನು ಆರು ಜನ, ಏಳು ದಿನಕ್ಕೆ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಸುಮಾರು 167 ಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ಹೇಳುತ್ತದೆ. ಆಲೂಗಡ್ಡೆ ಅದರಲ್ಲಿ ಸೇರುವುದಿಲ್ಲ. ನಮ್ಮ 167 ಗ್ರಾಂ ಕೂಡ ಸರಾಸರಿ ಮಾತ್ರ. ಸರಾಸರಿ ಎಲ್ಲವನ್ನೂ ಹೇಳುವುದಿಲ್ಲ ಎಂದು ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಓದಿದ್ದೇವೆ. ನನ್ನ ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚಿತ್ತು, ಅಮ್ಮಿಯ ತಟ್ಟೆಯಲ್ಲಿ ಬಹಳ ಕಡಿಮೆ.

ಬೆಲೆ ಏಕೆ ಹಾಗೆ ಏರಿಳಿಯುತ್ತದೆ?

ಜೂನ್‌ನಲ್ಲಿ ಬೀನ್ಸ್ ಏಕೆ ಅಷ್ಟು ದುಬಾರಿ ಎಂದು ಅಬ್ಬಾರನ್ನು ಕೇಳಿದೆ. ಬೇಸಿಗೆಯ ಬಿಸಿಲಿಗೆ ಹೂ ಉದುರಿಹೋಗುತ್ತದೆ, ಕಾಯಿ ಕಟ್ಟುವುದಿಲ್ಲ, ಮಾಲು ಕಡಿಮೆ ಬರುತ್ತದೆ ಎಂದರು. ಕೊಳ್ಳುವವರು ಮಾತ್ರ ಅಷ್ಟೇ ಇರುತ್ತಾರೆ. ಪೂರೈಕೆ ಇಳಿದು ಬೇಡಿಕೆ ಹಾಗೇ ಉಳಿದರೆ ಬೆಲೆ ಏರುತ್ತದೆ ಎಂದು ನಾವು ಪುಸ್ತಕದಲ್ಲಿ ರೇಖೆ ಎಳೆದು ಕಲಿಯುವುದು ಇದನ್ನೇ.

ಟೊಮೆಟೊ ಕಥೆ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ್ದೂ ಒಂದು. 2023ರ ಜುಲೈನಲ್ಲಿ ಇಲ್ಲಿ 15 ಕಿಲೋ ಬಾಕ್ಸ್ 2000 ರೂಪಾಯಿ ದಾಟಿತ್ತು. ಬೇರೆ ದಿನಗಳಲ್ಲಿ ಬೆಲೆ ಬಿದ್ದು, ಸಾಗಣೆ ಖರ್ಚೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನೂ ನಾವು ನೋಡಿದ್ದೇವೆ. ಬೆಲೆ ಏರಿದ ತಕ್ಷಣ ಪೂರೈಕೆ ಹೆಚ್ಚಿಸಲು ಆಗುವುದಿಲ್ಲ. ಸಸಿ ನೆಟ್ಟ ಮೇಲೆ ಕೊಯ್ಲಿಗೆ ಎರಡು ತಿಂಗಳಾದರೂ ಬೇಕು. ಒಳ್ಳೆಯ ಬೆಲೆ ನೋಡಿ ಎಲ್ಲರೂ ಒಟ್ಟಿಗೆ ನೆಟ್ಟರೆ, ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬಂದು ಬೆಲೆ ಬೀಳುತ್ತದೆ. ಬೆಲೆ ಏರಿದರೆ ನಮಗೆ ಲಾಭ ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅಬ್ಬಾರ ಬಾಡಿಗೆ ಬಾಕ್ಸ್‌ಗಳ ಸಂಖ್ಯೆ ಮೇಲೆ. ಮಾಲು ಕಡಿಮೆ ಬಂದ ದಿನ ಅವರ ಜೇಬಿಗೂ ಕಡಿಮೆ.

ಗ್ರಾಹಕರಾದ ನಮಗೆ ಬೆಲೆಯನ್ನು ಇಳಿಸುವ ಶಕ್ತಿ ಇಲ್ಲ. ಆದರೆ ಅರ್ಥಶಾಸ್ತ್ರದಲ್ಲಿ ಬದಲಿ ಸರಕು ಎಂಬ ಪಾಠವಿದೆ. ಒಂದರ ಬೆಲೆ ಏರಿದರೆ ಅದೇ ಕೆಲಸ ಮಾಡುವ ಇನ್ನೊಂದನ್ನು ಕೊಳ್ಳುವುದು. ಸಾಲನ್‌ಗೆ ಬೀನ್ಸ್ ಆಗಬೇಕೆಂದೇನೂ ಇಲ್ಲ, ಹೀರೆಕಾಯಿಯೂ ಆಗುತ್ತದೆ. ಹುಳಿಗೆ ಟೊಮೆಟೊ ಇಲ್ಲದಿದ್ದರೆ ಹುಣಸೆಹಣ್ಣಿದೆ, ಬೇಸಿಗೆಯಲ್ಲಿ ಮಾವಿನಕಾಯಿ ಇದೆ, ಅಂಬಾಡೆ ಕಿ ಭಾಜಿ ಎಂದು ನಾವು ಕರೆಯುವ ಪುಂಡಿ ಸೊಪ್ಪಿದೆ. ಯಾವ ತಿಂಗಳಲ್ಲಿ ಯಾವುದು ಹೆಚ್ಚಾಗಿ ಬರುತ್ತದೆ ಎಂದು ಗೊತ್ತಿದ್ದರೆ ಸಾಕು.

ನಮ್ಮ ಭಾಗದ ತರಕಾರಿ ಕ್ಯಾಲೆಂಡರ್

ಈ ಪಟ್ಟಿ ಮಾಡಲು ದಾದಿ ಮತ್ತು ಪಕ್ಕದ ಮನೆಯ ಅಜ್ಜಿ ಸಹಾಯ ಮಾಡಿದರು. ದಾದಿ ಉರ್ದುವಿನಲ್ಲಿ ಹೇಳುತ್ತಿದ್ದರು, ಅಜ್ಜಿ ಕನ್ನಡದಲ್ಲಿ ಹೇಳುತ್ತಿದ್ದರು, ತಂಗಿ ಬರೆದುಕೊಂಡಳು.

ಮಳೆಗಾಲ, ಅಂದರೆ ಜೂನ್‌ನಿಂದ ಸೆಪ್ಟೆಂಬರ್: ಹೀರೆಕಾಯಿ, ಸೋರೆಕಾಯಿ, ಪಡವಲಕಾಯಿ, ಹಾಗಲಕಾಯಿಯಂಥ ಬಳ್ಳಿ ಕಾಯಿಗಳು. ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳನ್ನೆಲ್ಲ ಸೇರಿಸಿ ಮಾರುವ ಬೆರಕೆ ಸೊಪ್ಪು ಕೂಡ ಆಗಲೇ ಬರುತ್ತದೆ.

ಚಳಿಗಾಲ, ನವೆಂಬರ್‌ನಿಂದ ಫೆಬ್ರವರಿ: ಅವರೆಕಾಯಿ, ತೊಗರಿಕಾಯಿ, ಹಸಿ ಬಟಾಣಿ, ಮೂಲಂಗಿ, ಕ್ಯಾರೆಟ್, ಹೂಕೋಸು, ಗೆಣಸು, ನೆಲ್ಲಿಕಾಯಿ. ಮೆಂತ್ಯ, ಸಬ್ಬಸಿಗೆ ಸೊಪ್ಪುಗಳು ಈಗ ಹಸಿರಾಗಿ ದಟ್ಟವಾಗಿರುತ್ತವೆ. ಸಬ್ಬಸಿಗೆಯನ್ನು ನಾವು ಸೋಯೆ ಕಿ ಭಾಜಿ ಎನ್ನುತ್ತೇವೆ.

ಬೇಸಿಗೆ, ಮಾರ್ಚ್‌ನಿಂದ ಮೇ: ನುಗ್ಗೆಕಾಯಿ, ಸೌತೆಕಾಯಿ, ಮಾವಿನಕಾಯಿ, ಆಮೇಲೆ ಶ್ರೀನಿವಾಸಪುರದ ಮಾವಿನಹಣ್ಣು, ಹಲಸು. ಹಲಸಿನ ಬೀಜವನ್ನು ಒಣಗಿಸಿಟ್ಟರೆ ಸಾರಿಗೆ ಬರುತ್ತದೆ. ಹುಣಸೆ ಮರ ಚಿಗುರುವುದೂ ಬೇಸಿಗೆಯಲ್ಲೇ. ಆ ಎಳೆ ಎಲೆಗೆ ನಮ್ಮ ಉರ್ದುವಿನಲ್ಲೂ ಚಿಗುರ್ ಎಂದೇ ಹೆಸರು. ಅಜ್ಜಿ ಅದನ್ನು ಬೇಳೆಗೆ ಹಾಕುತ್ತಾರೆ, ದಾದಿ ಮಾಂಸಕ್ಕೆ ಹಾಕುತ್ತಾರೆ.

ದಂಟಿನ ಸೊಪ್ಪು, ಕೀರೆ ಸೊಪ್ಪು, ನುಗ್ಗೆ ಸೊಪ್ಪುಗಳು ಬಹುಪಾಲು ವರ್ಷವಿಡೀ ಸಿಗುತ್ತವೆ.

ರಂಜಾನ್ ಮಾತ್ರ ಈ ಕ್ಯಾಲೆಂಡರ್‌ನಲ್ಲಿ ಒಂದು ಕಡೆ ನಿಲ್ಲುವುದಿಲ್ಲ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇಫ್ತಾರ್‌ಗೆ ಕಲ್ಲಂಗಡಿ ಸಿಗುತ್ತಿದೆ. 1998, 99ರಲ್ಲಿ ಉಪವಾಸಗಳು ಅವರೆಕಾಯಿ ಕಾಲದಲ್ಲಿ ಬಂದಿದ್ದವು, ಸಹರಿಗೆ ಸೇಮ್ ಕೆ ಬೀಜ್ ಸಾಲನ್ ಇರುತ್ತಿತ್ತು ಎಂದು ದಾದಿ ನೆನಪಿಸಿಕೊಂಡರು. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ, ಹೀಗೆ ಎರಡು ಸಲ ರಂಜಾನ್ ಆರಂಭವಾಗುತ್ತದೆ. ಆಗ ಅವರೆಕಾಯಿ ಮತ್ತೆ ಸಹರಿಗೆ ಬರುತ್ತದೆ.

ಕೊಳ್ಳುವಾಗ ಕಲಿತದ್ದು

ಎರಡನೇ ವಾರದಿಂದ ನಾನು ಸಂತೆಗೆ ಹೋಗತೊಡಗಿದೆ. ಏನು ಬೇಕು ಎಂದು ಮನೆಯಲ್ಲೇ ಬರೆದುಕೊಂಡು ಹೋಗುವುದನ್ನು ಬಿಟ್ಟೆ. ಮೊದಲು ಒಂದು ಸುತ್ತು ಹಾಕಿ, ಯಾವುದು ಎಲ್ಲರ ಹತ್ತಿರ ರಾಶಿ ಬಿದ್ದಿದೆ ಎಂದು ನೋಡುತ್ತೇನೆ. ಎಲ್ಲರ ಹತ್ತಿರ ಇರುವುದೇ ಸೀಸನ್ ತರಕಾರಿ. ಅಡುಗೆ ಏನೆಂದು ಆಮೇಲೆ ತೀರ್ಮಾನ.

ಬೆಂಡೆಕಾಯಿ ತುದಿ ಟಕ್ಕೆಂದು ಮುರಿಯಬೇಕು. ಹೀರೆಕಾಯಿ ಕೈಗೆ ಭಾರವಾಗಿ, ಬಾಗದೆ ಇರಬೇಕು. ಸೊಪ್ಪಿನ ಬೇರಿನಲ್ಲಿ ಹಸಿ ಮಣ್ಣಿದ್ದರೆ ಇವತ್ತು ಕಿತ್ತದ್ದು. ಅವರೆಕಾಯಿಯನ್ನು ಮೂಸಿ ನೋಡಬೇಕು. ಇಬ್ಬನಿ ಬಿದ್ದ ಕಾಯಿಗೆ ಸೊಗಡು ಹೆಚ್ಚು, ಕೈಗೆ ಅಂಟಿದ ವಾಸನೆ ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಮಾರುವವರು ಗುಡ್ಡೆ ಲೆಕ್ಕದಲ್ಲಿ ಕೊಡುತ್ತಾರೆ. ಉಳಿದರೆ ಅವರಿಗೆ ನಷ್ಟ, ಏಕೆಂದರೆ ಇದು ಬೇಗ ಕೆಡುವ ಸರಕು. ಆದರೆ ತಲೆ ಮೇಲೆ ಹೊತ್ತು ತಂದು ಸೊಪ್ಪು ಮಾರುವ ಅಜ್ಜಿಯರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬಾರದೆಂದು ಅಬ್ಬಾ ಹೇಳಿದ್ದಾರೆ. ಆ ಮಾತನ್ನು ಪಾಲಿಸುತ್ತಿದ್ದೇನೆ.

ಅಗ್ಗ ಎಂದು ಮೋಸ ಹೋದದ್ದೂ ಇದೆ. ಒಂದು ವಾರ ಮೂಲಂಗಿ ಬಹಳ ಅಗ್ಗವಿತ್ತು, ಮೂರು ಕಿಲೋ ತಂದೆ. ಮೂರನೇ ದಿನ ಮೂಲಂಗಿ ಕಂಡರೆ ತಮ್ಮ ಎದ್ದು ಹೋಗತೊಡಗಿದ. ಒಂದು ಕಿಲೋ ಬೆಂಡಾಗಿ ಹಾಳಾಯಿತು. ಎಸೆದ ಮಾಲಿನ ಬೆಲೆಯನ್ನೂ ತಿಂದ ಮಾಲಿನ ಮೇಲೆ ಹಾಕಿದರೆ ಅದು ಅಗ್ಗವೇ ಅಲ್ಲ. ಅದೇ ರೀತಿ ಅವರೆಕಾಯಿ ಕಿಲೋ 60 ರೂಪಾಯಿ ಎಂದರೆ ಕಾಳಿನ ಬೆಲೆ 60 ಅಲ್ಲ. ಸುಲಿದರೆ ಅರ್ಧಕ್ಕಿಂತ ಕಡಿಮೆ ಕಾಳು ಬರುತ್ತದೆ. ತಿನ್ನುವ ಭಾಗಕ್ಕೆ ಎಷ್ಟು ಬಿತ್ತು ಎಂದು ನೋಡಬೇಕು. ಸೀಸನ್ ಆರಂಭದ ಮೊದಲ ವಾರಗಳಲ್ಲಿ ಯಾವುದೂ ಅಗ್ಗವಿರುವುದಿಲ್ಲ. ಎರಡು ವಾರ ಕಾಯುವುದೇ ಲೇಸು.

ಮೂರು ವಿಧಾನ ಕಲಿತರೆ ಸಾಕು

ಅಡುಗೆ ಬರದವರಿಗೆ ನನ್ನ ಅನುಭವ ಇಷ್ಟೇ: ಐವತ್ತು ಅಡುಗೆ ಕಲಿಯುವುದು ಬೇಡ. ಮೂರು ವಿಧಾನ ಕಲಿತರೆ ಯಾವ ತರಕಾರಿ ಬಂದರೂ ಹೊಂದಿಸಬಹುದು.

ಮೊದಲನೆಯದು ಖಟ್ಟಾ ಸಾಲನ್. ಎಣ್ಣೆಯಲ್ಲಿ ಈರುಳ್ಳಿ ಕೆಂಪಾಗಿಸಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಅರಿಶಿನ, ಖಾರದ ಪುಡಿ, ಧನಿಯಾ ಪುಡಿ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಬೇಕು. ತರಕಾರಿ ಹಾಕಿ, ಮುಕ್ಕಾಲು ಬೆಂದ ಮೇಲೆ ಹುಣಸೆ ರಸ. ಮೊದಲೇ ಹುಳಿ ಹಾಕಿದರೆ ತರಕಾರಿ ಬೇಯಲು ಹಠ ಮಾಡುತ್ತದೆ. ಹುರಿದ ಕಡಲೆಕಾಯಿ ಬೀಜದ ಪುಡಿ ಸೇರಿಸಿದರೆ ಗಟ್ಟಿಯಾಗುತ್ತದೆ. ಬದನೆ, ಬೆಂಡೆ, ನುಗ್ಗೆಕಾಯಿ, ಸೋರೆ ಎಲ್ಲಕ್ಕೂ ಇದೇ ದಾರಿ.

ಎರಡನೆಯದು ಸೊಪ್ಪಿನ ದಾಲ್. ತೊಗರಿಬೇಳೆ ಬೆಂದ ಮೇಲೆ ಹೆಚ್ಚಿದ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ ಐದಾರು ನಿಮಿಷ ಕುದಿಸಿ, ಮೇಲೆ ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಬಘಾರ್, ಅಂದರೆ ಒಗ್ಗರಣೆ. ಬೇಳೆ ಇರುವುದರಿಂದ ಸ್ವಲ್ಪ ಸೊಪ್ಪಿನಲ್ಲೂ ಆರು ಜನರಿಗೆ ಆಗುತ್ತದೆ.

ಮೂರನೆಯದನ್ನು ಪಕ್ಕದ ಮನೆಯ ಅಜ್ಜಿ ಕಲಿಸಿದರು. ಒಂದು ದಿನ ನಾನು ಸೊಪ್ಪು ಬೇಯಿಸಿದ ನೀರನ್ನು ಬಚ್ಚಲಿಗೆ ಸುರಿಯುತ್ತಿದ್ದೆ. ಕಾಂಪೌಂಡ್ ಆಚೆಯಿಂದ ನೋಡಿ, "ಅಯ್ಯೋ, ಅದ್ಯಾಕಪ್ಪಾ ಚೆಲ್ತೀಯಾ, ಸಾರೆಲ್ಲಾ ಅದರಲ್ಲೇ ಇರೋದು" ಎಂದರು. ಬೇಳೆ ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ ನೀರನ್ನು ಬಸಿದುಕೊಳ್ಳಬೇಕು. ಬಸಿದ ಬೇಳೆ ಸೊಪ್ಪಿಗೆ ಒಗ್ಗರಣೆ ಕೊಟ್ಟು ತೆಂಗಿನತುರಿ ಹಾಕಿದರೆ ಪಲ್ಯ. ಆ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ತೆಂಗಿನಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಬೇಳೆ ಸೊಪ್ಪು ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಒಂದು ಕಟ್ಟು ಸೊಪ್ಪಿಗೆ ಎರಡು ಅಡುಗೆ. ನಮ್ಮ ಮನೆಯಲ್ಲಿ ಈಗ ವಾರಕ್ಕೊಮ್ಮೆ ಮುದ್ದೆ, ಬಸ್ಸಾರು ಇರುತ್ತದೆ. ದಾದಿಯೇ ಕೇಳಿ ಮಾಡಿಸುತ್ತಾರೆ.

ಅಜ್ಜಿ ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ಬೇಯಿಸುವಾಗ ಖನಿಜಾಂಶ ಮತ್ತು ಕೆಲವು ವಿಟಮಿನ್‌ಗಳು ನೀರಿಗೆ ಇಳಿಯುತ್ತವೆ. ಅದಕ್ಕೇ ತರಕಾರಿಯನ್ನು ತೊಳೆದು ಆಮೇಲೆ ಹೆಚ್ಚಬೇಕು, ನೀರು ಕಡಿಮೆ ಹಾಕಬೇಕು, ಹಾಕಿದ ನೀರನ್ನು ಬಳಸಬೇಕು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಆದ್ದರಿಂದ ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡುತ್ತೇವೆ, ಇಲ್ಲವೇ ಊಟದ ಜೊತೆ ಸೀಬೆಹಣ್ಣು, ನೆಲ್ಲಿಕಾಯಿ ತಿನ್ನುತ್ತೇವೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸೇರುವುದು ಕಡಿಮೆಯಾಗುತ್ತದೆ. ಅಮ್ಮಿಗೆ ಊಟವಾದ ತಕ್ಷಣ ಚಾಯ್ ಬೇಕಿತ್ತು. ಅದನ್ನು ಒಂದೂವರೆ ಗಂಟೆ ಮುಂದೆ ಹಾಕಲು ಒಪ್ಪಿಸುವುದೇ ಈ ಆರು ತಿಂಗಳ ಅತಿ ಕಷ್ಟದ ಕೆಲಸ.

ಈಗಿನ ಲೆಕ್ಕ

ಈಗ ಒಂದು ವಾರಕ್ಕೆ ತರಕಾರಿ, ಸೊಪ್ಪಿಗೆ ಸುಮಾರು 430 ರೂಪಾಯಿ ಖರ್ಚಾಗುತ್ತಿದೆ. ಬರುವುದು 13 ಕಿಲೋ. ಒಬ್ಬರಿಗೆ ದಿನಕ್ಕೆ 310 ಗ್ರಾಂ ಹತ್ತಿರ ಆಗುತ್ತದೆ. ಉಳಿದ 50 ರೂಪಾಯಿಗೆ ಬಾಳೆಹಣ್ಣು, ಸೀಬೆಹಣ್ಣು. ಸೊಪ್ಪು ಬಿಡಿಸಲು, ಕಾಯಿ ಸುಲಿಯಲು ಸಮಯ ಹೆಚ್ಚು ಬೇಕು, ಅದನ್ನು ಒಪ್ಪುತ್ತೇನೆ. ಹಾಗಾಗಿ ಭಾನುವಾರ ಸಂಜೆ ಎಲ್ಲರೂ ಕುಳಿತು ಬಿಡಿಸುತ್ತೇವೆ. ಸೊಪ್ಪನ್ನು ತೊಳೆಯದೆ ಹಳೆಯ ಪೇಪರ್‌ನಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ಬಾಡುವುದಿಲ್ಲ. ಆರನೇ ತರಗತಿಯ ತಮ್ಮನಿಗೂ ಕೆಲಸ ಇದೆ. ಅವನು ಹೆಚ್ಚು ಸುಲಿಯುತ್ತಾನೋ ಹೆಚ್ಚು ಬಾಯಿಗೆ ಹಾಕಿಕೊಳ್ಳುತ್ತಾನೋ ಎಂಬ ಲೆಕ್ಕ ಮಾತ್ರ ನೋಟ್‌ಬುಕ್‌ನಲ್ಲಿಲ್ಲ.

ಆದರೆ ತರಕಾರಿ ಹೆಚ್ಚು ತಂದ ಮಾತ್ರಕ್ಕೆ ಅದು ಅಮ್ಮಿಯ ತಟ್ಟೆಗೆ ಹೋಗಲಿಲ್ಲ. ಹೆಚ್ಚು ಮಾಡಿದ ದಿನ ನಾವು ಹೆಚ್ಚು ತಿಂದೆವು, ಅಷ್ಟೇ. ಅದಕ್ಕಾಗಿ ಬಡಿಸುವ ಮೊದಲೇ ಆರು ಬಟ್ಟಲಲ್ಲಿ ಸಮನಾಗಿ ಹಾಕುವ ಪದ್ಧತಿ ಶುರು ಮಾಡಿದೆ. ಮೊದಲ ದಿನ ದಾದಿ ಏನೂ ಮಾತಾಡಲಿಲ್ಲ. ಅವರ ಕಾಲದಲ್ಲಿ ಅವರೂ ಎಲ್ಲರೂ ಎದ್ದ ಮೇಲೆಯೇ ತಿಂದವರು. ಎರಡನೇ ದಿನ ಅಮ್ಮಿ ಅಭ್ಯಾಸದಂತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಗ ದಾದಿಯೇ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವತ್ತಿನಿಂದ ಆರೂ ಜನ ಒಟ್ಟಿಗೆ ಕೂರುತ್ತೇವೆ. ಯಾರಿಗೆ ಏನು ಬೇಕೋ ಅವರೇ ಎದ್ದು ತರಬೇಕು.

ಸೆಪ್ಟೆಂಬರ್‌ನಲ್ಲಿ ಅಮ್ಮಿಯ ಹಿಮೋಗ್ಲೋಬಿನ್ 10.1 ಆಯಿತು. ಈ ತಿಂಗಳು 11.3. ಇದು ಸೊಪ್ಪಿನಿಂದಲೇ ಆಯಿತು ಎಂದು ನಾನು ಹೇಳುತ್ತಿಲ್ಲ. ಮಾತ್ರೆಗಳನ್ನು ಅಮ್ಮಿ ಒಂದು ದಿನವೂ ತಪ್ಪಿಸಿಲ್ಲ, ಇನ್ನೂ ಮುಂದುವರಿಸಲು ಡಾಕ್ಟರ್ ಹೇಳಿದ್ದಾರೆ. ಊಟ ಮಾತ್ರೆಯ ಬದಲಿ ಸರಕಲ್ಲ, ಪೂರಕ ಸರಕು. ಆದರೆ ಈ ಸಲ ಮೇಡಂ ಅದೇ ಪ್ರಶ್ನೆ ಕೇಳಿದಾಗ ಅಮ್ಮಿ ಕೊಟ್ಟ ಉತ್ತರ ನಿಜವಾಗಿತ್ತು.

ಓದುವ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ಇವತ್ತು ರಾತ್ರಿ ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಒಮ್ಮೆ ಪಾತ್ರೆ ನೋಡಿ. ಕೊನೆಗೆ ಯಾರು ಕೂರುತ್ತಾರೆ, ಅವರಿಗೆ ಏನು ಉಳಿದಿದೆ ಎಂದು ನೋಡಿ. ಆಮೇಲೆ ಈ ವಾರದ ಸಂತೆಗೆ ಚೀಲ ಹಿಡಿದು ನೀವೇ ಹೋಗಿ. ಈಗ ಅವರೆಕಾಯಿ ರಾಶಿ ಬಿದ್ದಿದೆ. ಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಎರಡು ಬೆರಳಲ್ಲಿ ಹಿತುಕಿದರೆ ಸಿಪ್ಪೆ ಜಾರುತ್ತದೆ. ಒಬ್ಬರೇ ಮಾಡಿದರೆ ಒಂದು ಗಂಟೆ ಬೇಕು. ಆರು ಜನ ಕುಳಿತರೆ ಹತ್ತು ನಿಮಿಷ.